ಜಗದಾಂಬಾ ಅಳಿಸದ ಎಣ್ಣೆಗಾಯಿ

ಅತ್ತಿಗುಪ್ಪೆಯ ಅಡುಗೆ ಕಂಟ್ರಾಕ್ಟರ್ ನಾರಾಯಣಪ್ಪನವರ ಆಫೀಸಿನಲ್ಲಿ ಜಗದಾಂಬಾ ಇಪ್ಪತ್ತೆರಡು ವರ್ಷದಿಂದ ಊಟದ ಪಟ್ಟಿ ಬರೆಯುತ್ತಿದ್ದಾಳೆ. ಯಾರ ಮನೆಯ ಗೃಹಪ್ರವೇಶಕ್ಕೆ ಏನು ಬೇಕು, ಯಾರ ಮನೆಯ ಉಪನಯನಕ್ಕೆ ಏನು ಬೇಡ ಎಂಬುದೆಲ್ಲ ಉದ್ದನೆಯ ನೋಟ್‌ಬುಕ್ಕಿನಲ್ಲೂ ಇತ್ತು, ಆಕೆಯ ತಲೆಯಲ್ಲೂ ಇತ್ತು. ಈ ಕಸುಬಿನಲ್ಲಿ ಹೊಸ ಪಟ್ಟಿಯನ್ನು ಯಾರೂ ಮೊದಲಿನಿಂದ ಬರೆಯುವುದಿಲ್ಲ. ಹಳೆಯದೊಂದನ್ನು ಮುಂದಿಟ್ಟುಕೊಂಡು, ಬೇಡದ್ದು ಬಿಟ್ಟು ಬೇಕಾದ್ದು ಸೇರಿಸಿ ಹೊಸ ಹಾಳೆಗೆ ಇಳಿಸುವುದು ರೂಢಿ. ಐವತ್ತಾರರ ಜಗದಾಂಬಾ ಕನ್ನಡಕ ಮರೆತು ಬಂದದ್ದುಂಟು, ಪಟ್ಟಿ ಮರೆತದ್ದಿಲ್ಲ. ಅದಕ್ಕೆ ಸ್ವಲ್ಪ ಜಂಭವೂ ಇತ್ತು. ಇಷ್ಟು ವರ್ಷ ಒಂದು ಹಪ್ಪಳ ತಪ್ಪಿಸದವಳಿಗೆ ಅಷ್ಟೂ ಇರಬಾರದೇ?

ನೋಟ್‌ಬುಕ್ಕು ಅಟ್ಟ ಸೇರಿದ್ದು ವರ್ಷದ ಹಿಂದೆ. ಕುರುಬರಹಳ್ಳಿಯ ಶಿವಕಿರಣ್ ಎಂಬ ಪ್ರೋಗ್ರಾಮರ್ ಆರ್ಡರುಗಳಿಗೆಂದು ವೆಬ್ ಆ್ಯಪ್ ಮಾಡಿಕೊಟ್ಟ. ಹೋದ ತಿಂಗಳು ಜಗದಾಂಬಾಳ ಕೆಲಸ ಹಗುರಾಗಲೆಂದು ಅದರಲ್ಲೊಂದು ‘ಕಾಪಿ’ ಬಟನ್ ಕೂಡ ಇಟ್ಟ. ಒತ್ತಿದರೆ ಹಳೆಯ ಆರ್ಡರಿನಂಥದೇ ಇನ್ನೊಂದು ಬರುತ್ತದೆ. ಹೆಸರು, ತಾರೀಖು, ತಿನಿಸು ಬದಲಿಸಿಕೊಂಡರೆ ಆಯಿತು. ತನ್ನ ಹಳೆಯ ರೂಢಿಯನ್ನೇ ಹುಡುಗ ಬಟನ್ ಮಾಡಿದ್ದಾನೆಂದು ಆಕೆಗೆ ಖುಷಿಯಾಗಿತ್ತು.

ಖುಷಿ ಮೂರು ವಾರ ಬಾಳಿತು. ಭಾನುವಾರ ಹೇರೋಹಳ್ಳಿಯಲ್ಲಿ ಚನ್ನವೀರಪ್ಪನವರ ಗೃಹಪ್ರವೇಶ. ಹಾವೇರಿ ಕಡೆಯ ನೆಂಟರೆಲ್ಲ ಪಂಕ್ತಿಯಲ್ಲಿ ಕೂತಿದ್ದಾರೆ, ಎಲೆಯ ಮೇಲೆ ಜೋಳದ ರೊಟ್ಟಿಯಿಲ್ಲ, ಬದನೆಕಾಯಿ ಎಣ್ಣೆಗಾಯಿಯಿಲ್ಲ. ಅಡುಗೆಯವರು ಪ್ರಿಂಟ್ ಮಾಡಿದ ಪಟ್ಟಿ ತೋರಿಸಿದರು. ಅದರಲ್ಲಿ ಎರಡೂ ಇರಲಿಲ್ಲ, ಕೆಳಗೆ ಜಗದಾಂಬಾಳ ಹೆಸರಿತ್ತು.

ಬಡಿಸುವುದನ್ನು ನೋಡಿಕೊಳ್ಳಲು ಬಂದಿದ್ದ ಆಕೆಯ ಮೇಲೆ ಚನ್ನವೀರಪ್ಪ ರೇಗಲಿಲ್ಲ. “ರೊಟ್ಟಿ ತೆಳ್ಳಗಿರ್ಲಿ ಅಂತ ಹೇಳಿದ್ನಲ್ಲ ತಂಗಿ. ನೀವೇ ಬರಕೊಂಡ್ರಿ,” ಎಂದರು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬರೆದುಕೊಂಡದ್ದು ಆಕೆಗೂ ನೆನಪಿದೆ, ಆ ‘ತೆಳ್ಳಗಿರ್ಲಿ’ ಕೂಡ ಕಿವಿಯಲ್ಲಿದೆ. ಮತ್ತೆ ಪಟ್ಟಿಯಲ್ಲಿ ಯಾಕಿಲ್ಲ? ಅಳಿಸಿದ ನೆನಪಿಲ್ಲ. ಆದರೆ ಮರೆವು ಬಂದವರಿಗೆ ಅಳಿಸಿದ ನೆನಪು ತಾನೇ ಹೇಗೆ ಇರುತ್ತದೆ? ಮರುದಿನ ಕೆಂಗೇರಿಯ ಸೀಮಂತದ ಪಟ್ಟಿ ತೆಗೆದರೆ ಅದರಲ್ಲೂ ಗೋಧಿ ಹುಗ್ಗಿ ಮಾಯ.

ಜಗದಾಂಬಾಳ ಅಮ್ಮನಿಗೂ ಹೀಗೆಯೇ ಶುರುವಾದದ್ದು. ಬಸವೇಶ್ವರನಗರದ ಮನೆಯಲ್ಲಿ ಸಾರಿಗೆ ಎರಡೆರಡು ಸಲ ಉಪ್ಪು ಬೀಳತೊಡಗಿತು. “ನಾನು ಒಂದೇ ಸಲ ಹಾಕಿದ್ದು ಕಣೇ,” ಎಂದು ಅಮ್ಮ ಹೇಳುತ್ತಿದ್ದಳು. ಯಾರೂ ನಂಬಲಿಲ್ಲ. ಡಾಕ್ಟರು ವಯಸ್ಸಿನ ಮರೆವು ಎಂದು ಗುಳಿಗೆ ಬರೆದರು, ಮನೆಯವರು ಒಲೆಯ ಹತ್ತಿರ ಬಿಡುವುದನ್ನು ನಿಲ್ಲಿಸಿದರು. ಆಮೇಲೆ ಅಮ್ಮ ನಾಲ್ಕು ವರ್ಷ ಕಿಟಕಿಯ ಪಕ್ಕ ಕೂತು, ಹಾಗೆಯೇ ತೀರಿಕೊಂಡಳು.

ಮಗಳು ವಚನಾ ಗುರುವಾರಕ್ಕೆ ನರರೋಗದ ಡಾಕ್ಟರ ಹತ್ತಿರ ಹೆಸರು ಬರೆಸಿದಳು. ನಾರಾಯಣಪ್ಪ ನೆಲ ನೋಡುತ್ತ, “ತೋರಿಸ್ಕೊಂಡು ಬನ್ನಿ ಜಗದಾಂಬಮ್ಮ. ಪಟ್ಟಿ ಕೆಲಸ ಆಮೇಲೆ ನೋಡೋಣ,” ಎಂದರು. ಆ ‘ಆಮೇಲೆ’ಯ ಅರ್ಥ ಆಕೆಗೆ ಗೊತ್ತಾಗದೆ ಇರಲಿಲ್ಲ.

ಬುಧವಾರ ಬೆಳಗ್ಗೆ ಜಗದಾಂಬಾ ಅಟ್ಟದಿಂದ ನೋಟ್‌ಬುಕ್ಕು ಇಳಿಸಿದಳು. ತಲೆಯನ್ನು ನಂಬುವ ಹಾಗಿಲ್ಲ, ಕೈಬರಹವನ್ನಾದರೂ ನಂಬೋಣ ಎಂದು. ಒಂದು ಹಳೆಯ ಆರ್ಡರನ್ನು ಅಕ್ಷರ ಬಿಡದೆ ಹಾಳೆಗಿಳಿಸಿ, ಆಮೇಲೆ ಕಾಪಿ ಒತ್ತಿದಳು. ಹೊಸದರಲ್ಲಿ ಹೆಸರು ಬದಲಿಸಿದಳು. ಹಳೆಯದರ ಹೆಸರು ಅಲುಗಲಿಲ್ಲ. ತಾರೀಖು ಬದಲಿಸಿದಳು, ಅದೂ ಸರಿಯಿತ್ತು. ಹೊಸದರಿಂದ ಕೋಸಂಬರಿ ತೆಗೆದು ಹಳೆಯದನ್ನು ನೋಡಿದರೆ ಅಲ್ಲೂ ಕೋಸಂಬರಿ ಇಲ್ಲ. ಮೂರು ಸಲ ಮಾಡಿದಳು, ಮೂರು ಸಲವೂ ಹಾಗೆಯೇ. ಆದರೂ ಧೈರ್ಯ ಬರಲಿಲ್ಲ. ತಾನೇ ಎರಡೂ ಕಡೆ ಅಳಿಸಿ ಒಂದನ್ನು ಮರೆಯುತ್ತಿದ್ದರೆ?

ಶಿವಕಿರಣ್‌ಗೆ ಫೋನ್ ಹೋಯಿತು. ಬಂದವನೇ, “ಮಿಸ್ಸಾಗಿ ಡಿಲೀಟ್ ಮಾಡಿರ್ತೀರ ಆಂಟಿ,” ಎಂದ.

“ಇರ್ಬೋದಪ್ಪ. ಅದಕ್ಕೇ ನೀನೇ ಕೂತ್ಕೊಂಡು ಒತ್ತು. ನಾನು ಮುಟ್ಟಲ್ಲ.”

ಆಕೆ ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು ದೂರ ನಿಂತಳು. ಅವನು ಒತ್ತಿದ, ತೆಗೆದ, ಹಳೆಯದನ್ನು ನೋಡಿದ. ಮತ್ತೊಮ್ಮೆ ನೋಡಿದ. ಅವನ ಕಿವಿ ಕೆಂಪಾಯಿತು.

“ತಪ್ಪು ನಂದು ಆಂಟಿ. ಮೇಲ್ಮೇಲೆ ಕಾಪಿ ಮಾಡ್ಬಿಟ್ಟಿದೀನಿ. ಹೆಸರು, ತಾರೀಖು ಬೇರೆ ಆಗಿದೆ. ಒಳಗಿರೋ ತಿಂಡಿ ಪಟ್ಟಿ ಬೇರೆ ಆಗೇ ಇಲ್ಲ. ಎರಡು ಆರ್ಡರೂ ಒಂದೇ ಪಟ್ಟೀನ ಹಿಡ್ಕೊಂಡಿವೆ. ಒಳಗಿನವರೆಗೂ ಕಾಪಿ ಮಾಡ್ಬೇಕಿತ್ತು. ಡೀಪ್ ಕಾಪಿ ಅಂತೀವಿ ಅದನ್ನ.”

“ಅಂದ್ರೆ ಮನೆ ಎರಡು, ಪಾತ್ರೆ ಒಂದೇ.”

“ಹೂಂ. ಅಷ್ಟೇ.”

ಚನ್ನವೀರಪ್ಪನವರ ಪಟ್ಟಿಯನ್ನು ಕಾಪಿ ಮಾಡಿ, ಲಕ್ಷ್ಮೀಪತಿಯವರ ಮನೆಯ ಉಪನಯನಕ್ಕೆಂದು ರೊಟ್ಟಿ, ಎಣ್ಣೆಗಾಯಿ ತೆಗೆದದ್ದು ಆಕೆಗೆ ಆಗ ಹೊಳೆಯಿತು. ತೆಗೆದದ್ದು ಲಕ್ಷ್ಮೀಪತಿಯವರಿಗೆ, ಹೋದದ್ದು ಇಬ್ಬರಿಗೂ. ಶಿವಕಿರಣ್ ಮೂರು ವಾರದ ಹಿಂದಿನ ಬ್ಯಾಕಪ್ ತೆರೆದ. ಜಗದಾಂಬಾ ಪರದೆಗೆ ಬೆನ್ನು ಹಾಕಿ ಚನ್ನವೀರಪ್ಪನವರ ಪಟ್ಟಿಯನ್ನು ಒಪ್ಪಿಸಿದಳು: ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯಿಂದ ಹಿಡಿದು ಕೊನೆಯ ಬಾಳೆಹಣ್ಣಿನವರೆಗೆ.

“ಒಂದೂ ಬಿಟ್ಟಿಲ್ಲ ಆಂಟಿ,” ಎಂದು ಅವನು ತನ್ನ ಪ್ರೋಗ್ರಾಮಿನಲ್ಲಿ ಒಂದೇ ಒಂದು ಸಾಲು ತಿದ್ದಿದ.

ಆಕೆಗೆ ನಗುವೂ ಅಳುವೂ ಒಟ್ಟಿಗೇ ಬಂತು. ಹೊರಗೆ ಮೆಟ್ಟಿಲ ಮೇಲೆ ಕೂತು ಮಗಳಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದಳು. “ನಾಳೆ ಡಾಕ್ಟರ್ ಬೇಡ ಕಣೇ. ಎರಡು ಕಡೆಯಿಂದ ಕೈ ಹಾಕೋಕೆ ಒಂದೇ ಪಟ್ಟಿ ಇದ್ದಿದ್ದಂತೆ, ನಾನಲ್ಲ…”

ಮಾತು ಅಲ್ಲಿಗೇ ನಿಂತಿತು. ಬಸವೇಶ್ವರನಗರದ ಆ ದಿನಗಳಲ್ಲಿ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಕುದಿಯುತ್ತಿದ್ದ ಸಾರನ್ನು ಒಂದು ಹನಿ ಅಂಗೈಗೆ ಹಾಕಿಕೊಂಡು ನೋಡಿ, ಸಪ್ಪೆ ಅನ್ನಿಸಿದರೆ ಚಿಟಿಕೆ ಉಪ್ಪು ಎಸೆದು ಹೋಗುತ್ತಿದ್ದವಳು ಯಾರು? ಅಮ್ಮ ಆಮೇಲೆ ಬಂದು ತನ್ನ ಪಾಲಿನದು ಹಾಕುತ್ತಿದ್ದಳು, ಒಂದೇ ಸಲ.

“ಅಮ್ಮಾ, ಲೈನಲ್ಲಿದೀಯಾ?” ಎಂದಳು ವಚನಾ.

“ಇದೀನಿ,” ಎಂದಳು ಜಗದಾಂಬಾ. “ನಿಮ್ಮಜ್ಜಿ ಮರೀತಿರ್ಲಿಲ್ಲ ಅನ್ಸುತ್ತೆ ಕಣೇ. ಉಪ್ಪು ನಾನೂ ಹಾಕ್ತಿದ್ದೆ.”