ಅಪ್ಪ ‘ಬಿಡು’ ಅಂದ ಬೆಳಗು

೧೯೯೨ರಲ್ಲಿ ನಾನು ಶಾಲೆ ಬಿಟ್ಟೆ. ಆಗ ನನಗೆ ಹದಿನಾಲ್ಕು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಈಗಲೂ ಇದನ್ನು ತಲೆ ತಗ್ಗಿಸಿ ಹೇಳುವವನಲ್ಲ.

ಆ ದಿನಗಳಲ್ಲಿ ನಾವಿದ್ದ ಊರು ನಿಲಾಯ್ ಇಷ್ಟು ಬೆಳೆದಿರಲಿಲ್ಲ. ಈಗ ಕಾಲೇಜು ಹುಡುಗರು ಬೈಕು ನಿಲ್ಲಿಸುವ ಕಡೆಯೆಲ್ಲ ಆಗ ಎಣ್ಣೆತಾಳೆ ತೋಟ, ಅದರಾಚೆ ಕಾಡು. ಯಾದಗಿರಿ ಕಡೆಯಿಂದ ಕಡಲು ದಾಟಿ ಈ ದೇಶಕ್ಕೆ ಬಂದ ಅಪ್ಪ ಆ ತೋಟದ ವರ್ಕ್‌ಶಾಪಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ. ನಾವು ಹುಡುಗರು ರಬ್ಬರ್ ಬೀಜವನ್ನು ಸಿಮೆಂಟಿಗೆ ತಿಕ್ಕಿ, ಒಬ್ಬರ ತೊಡೆಗೊಬ್ಬರು ಬಿಸಿ ಮುಟ್ಟಿಸಿ ಓಡುತ್ತಿದ್ದೆವು. ಶಾಲೆ ಬಿಟ್ಟ ಮೇಲೆ ಆ ಆಟವೂ ಸಾಕೆನಿಸಿತು. ಅಪ್ಪನ ಪಕ್ಕ ನಿಂತು ಪಾನಾ ಹಿಡಿಯಬೇಕು, ಗ್ರೀಸಿನಲ್ಲಿ ಕೈ ಅದ್ದಬೇಕು. ಅಷ್ಟೇ ಆಸೆ.

ಅಪ್ಪ ಒಂದು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಆಮೇಲೊಂದು ದಿನ ಊಟಕ್ಕೆ ಕೂತಾಗ ತಾನಾಗಿ ಕೇಳಿದ.

“ಕಡವಿ ಹೊಡೀತಿಯೇನು? ಹೊಡದ್ರ ಸೋಮವಾರದಿಂದ ನನ್ನ ಜೋಡಿ ವರ್ಕ್‌ಶಾಪಿಗೆ ಬಾ. ಇಲ್ಲಾಂದ್ರ ಸುಮ್ಮ ಸಾಲಿಗಿ ಹೋಗು.”

“ಎಷ್ಟು ಬಾಣ?”

“ಒಂದು.”

ಅವ್ವ ಒಲೆಯ ಹತ್ತಿರದಿಂದಲೇ ಅಂದಳು: “ಬಾಣದಾಗ ಮಗನ ಹಣೇಬರಹ ಬರೀತಾನಂತ! ಭಾಳ ಶಾಣ್ಯಾ!”

ಬಿಲ್ಲು ಕಟ್ಟುವುದನ್ನು ಅಪ್ಪ ಊರಲ್ಲಿ ಅಜ್ಜನಿಂದ ಕಲಿತು ಬಂದಿದ್ದ, ನನಗೂ ಬಾಣ ಹೊಡೆಯಲು ಕಲಿಸಿದ್ದ. ಇಲ್ಲಿಯ ಬಿದಿರೂ ಅವನ ಮಾತು ಕೇಳುತ್ತಿತ್ತು. ಅದು ಚೆಂಪೆಡಕ್ ಕಾಲ. ಹಲಸಿನ ತಮ್ಮನಂತಿರುವ ಆ ಹಣ್ಣು ಕಾಡಿನಂಚಿನಲ್ಲಿ ಬಿದ್ದು ಒಡೆದು, ಅರ್ಧ ಜೇನು ಅರ್ಧ ಹೆಂಡದ ವಾಸನೆ ಹಬ್ಬಿಸುತ್ತಿತ್ತು. ಅದನ್ನು ತಿನ್ನಲು ಕಡವೆಗಳು ಬರುತ್ತಿದ್ದವು. ಹೊಡೆಯುವುದು ಸರಿಯೇ ಎಂದು ಆಗ ನಮ್ಮಲ್ಲಿ ಯಾರೂ ಕೇಳುತ್ತಿರಲಿಲ್ಲ. ಈಗ ಕೇಳುತ್ತಾರೆ, ಕೇಳಬೇಕಾದದ್ದೇ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಮರದ ಮೇಲೆ ಕಟ್ಟಿದ ಅಟ್ಟಣಿಗೆಯಲ್ಲಿ ಕೂತಿದ್ದೆವು. ಮೊದಲು ಒಂದು ಹೆಣ್ಣು ಕಡವೆ ಬಂತು. ನಾನು ಹೆದೆ ಎಳೆದೆ. ಅಪ್ಪ ನನ್ನ ಮೊಣಕೈ ಮುಟ್ಟಿದ.

“ಬಿಡು. ಹಿಂದ ಮರಿ ಅದ.”

ಹೆದೆ ಸಡಿಲಿಸಿದೆ. ತಾಯಿಮರಿ ತಿಂದುಕೊಂಡು ಹೋದವು. ಅರ್ಧ ತಾಸಿನ ಮೇಲೆ ಕೊಂಬಿನ ಗಂಡು ಬಂದು ಹದಿನೈದು ಹೆಜ್ಜೆ ದೂರದಲ್ಲಿ ಅಡ್ಡಲಾಗಿ ನಿಂತಿತು. ಅದು ಹಣ್ಣು ಅಗಿಯುವ ಸದ್ದು ಕೇಳುತ್ತಿತ್ತು. ಮತ್ತೆ ಎಳೆದೆ. ನನ್ನ ಕೈ ಕಲ್ಲಿನ ಹಾಗೆ ನಿಂತಿತ್ತು, ಸುಳ್ಳಲ್ಲ. ಅಪ್ಪ ಬೆನ್ನ ಹಿಂದೆ ಉಸಿರಿನಲ್ಲೇ ಅಂದ:

“ಬಿಡು.”

ಇದಕ್ಕೂ ಏನೋ ಕಾರಣವಿರಬೇಕು ಅಂದುಕೊಂಡು ಬಿಲ್ಲು ಇಳಿಸಿದೆ. ಕಡವೆ ಕತ್ತೆತ್ತಿತು, ನಮ್ಮನ್ನು ನೋಡಿತು, ಒಂದು ಸಲ ಕೂಗಿ ಕಾಡು ಸೇರಿತು.

“ಯಾಕ ಬಿಡಲಿಲ್ಲ?” ಅಂದ ಅಪ್ಪ.

ಆಗ ತಿಳಿಯಿತು. ಮೊದಲು ಬಿಡಬೇಕಾಗಿದ್ದದ್ದು ಕಡವೆಯನ್ನು, ಎರಡನೆಯ ಸಲ ಬಾಣವನ್ನು. ‘ನೀನ ಬಿಡು ಅಂದಿಯಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಪ್ಪ, “ಕೈ ನಡುಗಿತೇನು? ಹೋಗ್ಲಿ ತಗೋ” ಅಂದುಬಿಟ್ಟ. ನನ್ನ ಕೈ, ನಡುಗುವುದೇ! ಇನ್ನು ಏನು ಹೇಳಿದರೂ ನೆಪವಾಗುತ್ತದೆ ಎಂದು ಬಾಯಿ ಮುಚ್ಚಿಕೊಂಡೆ.

ಮನೆಯಲ್ಲಿ ಅವ್ವ, “ಮಸಾಲಿ ಅರದಿಟ್ಟೀನಿ, ಬರೇ ಕೈಲೇ ಬಂದ್ರಿ? ಒಣಮೀನ ಅದ, ಅದನ್ನ ಕಡವಿ ಅಂತ ತಿನ್ರಿ” ಅಂದು ನಕ್ಕಳು. ನಾನು ಉಣ್ಣಲಿಲ್ಲ.

ಸೋಮವಾರ ನಾನು ಶಾಲೆಗೂ ಹೋಗಲಿಲ್ಲ, ವರ್ಕ್‌ಶಾಪಿಗೂ ಹೋಗಲಿಲ್ಲ. ಪೆಟಾಲಿಂಗ್ ಜಯಾದ ಬಸ್ಸು ಹತ್ತಿ ಒಂದು ಟೈರ್ ಅಂಗಡಿ ಸೇರಿದೆ. ಮುಂದಿನದೆಲ್ಲ ನನ್ನ ತೋಳಿನ ದುಡಿಮೆ.

ರಜೆಗೆ ನಾನು ಮನೆಗೆ ಹೋದಾಗ ಯಾರೇ ಬಂದರೂ ಅಪ್ಪ ಈ ಕತೆ ತೆಗೆಯುತ್ತಿದ್ದ: “ಲಾರಿ ಟೈರ್ ಎತ್ತೋ ಕೈರೀ ಇದು, ಬಾಣ ಹಿಡದ್ರ ನಡಗತದ!” ಬಂದವರ ಜೊತೆ ನಾನೂ ನಗುತ್ತಿದ್ದೆ. ಈ ಸಲ ಹೇಳಿಬಿಡೋಣ ಅಂದುಕೊಳ್ಳುತ್ತಿದ್ದೆ. ಹೇಳಿದ್ದರೆ ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಅಂದೇ ಹೇಳಿದ್ದರೆ, “ಲೇ ಹುಚ್ಚ, ನಾಳಿ ಕೆಲಸಕ್ಕ ಬಾ” ಅನ್ನುತ್ತಿದ್ದನೋ ಏನೋ. ಆರು ವರ್ಷದ ಹಿಂದೆ ಅಪ್ಪ ತೀರಿಕೊಂಡ. ನಾನು ಹೇಳಲೇ ಇಲ್ಲ.

ಮೊನ್ನೆ ದೊಡ್ಡ ಮಗಳಿಗೆ ಹೇಳಿದೆ. ಎರಡು ‘ಬಿಡು’ಗಳ ವ್ಯತ್ಯಾಸ ತಿಳಿಸುವುದಕ್ಕೇ ಹತ್ತು ನಿಮಿಷ ಹಿಡಿಯಿತು. “ಅಪ್ಪಾ, ಜಸ್ಟ್ ಟೆಲ್ ಹಿಮ್ ಲಾ!” ಅಂದಳು ಇಲ್ಲಿಯವರ ಇಂಗ್ಲಿಷಿನಲ್ಲಿ, ಅಜ್ಜ ಇನ್ನೂ ಪಕ್ಕದ ಕೋಣೆಯಲ್ಲೇ ಇದ್ದಾನೇನೋ ಎಂಬಂತೆ.

ಈಗ ನನಗೆ ಸ್ವಂತದ್ದೊಂದು ಟೈರ್ ಅಂಗಡಿ ಇದೆ. ನಾಲ್ವರು ಕೆಲಸಗಾರರು, ಒಂದು ಮನೆ, ಒಂದು ವ್ಯಾನು, ಇಬ್ಬರು ಹೆಣ್ಣುಮಕ್ಕಳು. ಅಪ್ಪನ ಜೊತೆ ನಿಂತು ಕೆಲಸ ಮಾಡಿದ ದಿನ ಒಂದೂ ಇಲ್ಲ.