ಹುಲಗಪ್ಪನ ಹದಿನೆಂಟು ಬೆಸುಗೆ

ಹುಲಗಪ್ಪ ಸತ್ತ. ಕಳೆದ ಶುಕ್ರವಾರ ಮಧ್ಯಾಹ್ನ ಎರಡನೇ ಪಾಳಿಗೆ ಬೈಕಿನಲ್ಲಿ ಹೊರಟಿದ್ದವನಿಗೆ, ಗಿಣಿಗೇರಾ ದಾಟುವ ಮೊದಲೇ ಅದಿರಿನ ಲಾರಿ ಗುದ್ದಿತು. ಮೂವತ್ತೊಂಬತ್ತು ವರ್ಷ. ಪತ್ರಿಕೆಯಲ್ಲಿ ‘ಕಾರ್ಖಾನೆ ಕಾರ್ಮಿಕ ಸಾವು’ ಎಂದು ನಾಲ್ಕು ಸಾಲು ಬಂತು. ಸುಳ್ಳೇನಲ್ಲ. ಆದರೆ ಅವನು ತನ್ನನ್ನು ಹಾಗೆ ಕರೆದುಕೊಂಡದ್ದನ್ನು ಸಾಲೆಯ ದಿನಗಳಿಂದ ಅವನ ಗೆಳೆಯನಾದ ನಾನು ಒಮ್ಮೆಯೂ ಕೇಳಿಲ್ಲ. ಅವನು ಹಾಡಿಗೆ ಹಾಡು ಕೂಡಿಸುವವನು, ಡಿಜೆ.

ಅವರಪ್ಪ ಭಜನಾ ಮೇಳದಲ್ಲಿ ಪೇಟಿ ಬಾರಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಹಾರ್ಮೋನಿಯಂ ಮಗನ ಲ್ಯಾಪ್‌ಟಾಪಿನ ಪಕ್ಕಕ್ಕೆ ಬಂತು. ಉಳಿದ ಡಿಜೆಗಳು ಹಾಡಿನ ಶ್ರುತಿಯನ್ನು ಕಂಪ್ಯೂಟರ್ ತೋರಿಸಿದ ಅಕ್ಷರದಲ್ಲಿ ಓದುತ್ತಾರೆ. ಇವನು ಅದನ್ನು ನಂಬದೆ ಪ್ರತಿ ಹಾಡನ್ನೂ ಪೇಟಿಗೆ ಹಚ್ಚಿ ನೋಡಿ, ನೋಟ್‌ಬುಕ್ಕಿನಲ್ಲಿ ಪೇಟಿಯ ಮನೆಗಳ ಲೆಕ್ಕದಲ್ಲಿ ಕರಿ ಒಂದು, ಬಿಳಿ ನಾಲ್ಕು ಎಂದು ಬರೆಯುತ್ತಿದ್ದ. ನಿಮಿಷಕ್ಕೆ ನೂರಿಪ್ಪತ್ತು ಬಡಿತದ ಹಾಡನ್ನು ನೂರಿಪ್ಪತ್ತೇಳಕ್ಕೆ ಓಡಿಸಿದರೆ ಶ್ರುತಿಯೂ ಪೇಟಿಯ ಮೇಲೆ ಒಂದು ಮನೆ ಏರುತ್ತದೆ, ಕರಿ ಒಂದರ ಹಾಡು ಬಿಳಿ ಎರಡಾಗುತ್ತದೆ ಎಂದು ನನಗೆ ಹೇಳಿಕೊಟ್ಟವನು ಅವನು. ಓಟ ಕೂಡಿದರೂ ಶ್ರುತಿ ಕೂಡದಿದ್ದರೆ, ಒಂದು ಹಾಡು ಹೋಗಿ ಇನ್ನೊಂದು ಬರುವ ಆ ಅರ್ಧ ನಿಮಿಷ ಅವನಿಗೆ ಹಲ್ಲುನೋವಿನಂತೆ.

“ಕುಣಿಯೋರಿಗೆ ಇದೆಲ್ಲ ಎಲ್ಲಿ ತಿಳೀತೈತಿ?” ಎಂದಿದ್ದೆ.

“ಅವರಿಗಿ ತಿಳೀಬಾರದು ಮಾಸ್ತರ. ಕಾಲಿಗಿ ತಿಳಿದ್ರ ಸಾಕು.”

ಹತ್ತು ವರ್ಷ ಫರ್ನೇಸಿನ ಹತ್ತಿರ ದುಡಿದು ಅವನ ಎಡಗಿವಿ ಮಂದವಾಗಿತ್ತು. ಬಲಗಿವಿ ಉಳಿಯಬೇಕಾದರೆ ಆ ಜಾಗ ಬಿಡು ಎಂದು ಕೊಪ್ಪಳದ ಡಾಕ್ಟರು ಹೇಳಿದ್ದರು. ಆಗಲೇ ಸಾಣಾಪುರದ ಕೆರೆಯ ಕಡೆಯ ಒಂದು ರೆಸಾರ್ಟಿನಲ್ಲಿ ಕಾಯಂ ಡಿಜೆ ಬೇಕೆಂದು ಸುದ್ದಿ ಬಂತು. ಆ ಕೆಲಸ ಸಿಕ್ಕರೆ ಫರ್ನೇಸು ಬಿಡಬಹುದಿತ್ತು. ಎರಡು ತಿಂಗಳು ಕೂತು ಒಂದು ತಾಸಿನ ಮಿಕ್ಸ್ ಕಟ್ಟಿದ. ಹತ್ತೊಂಬತ್ತು ಎಲೆಕ್ಟ್ರಾನಿಕ್ ಹಾಡು, ಹದಿನೆಂಟು ಬೆಸುಗೆ. ಒಂದರ ಷಡ್ಜ ಮುಂದಿನದರ ಪಂಚಮವಾಗುವಂತೆ, ಓಟ ಗೊತ್ತಾಗದಂತೆ ಏರುವಂತೆ.

ಪರೀಕ್ಷೆಯ ದಿನ ನಾನೂ ಹೋಗಿದ್ದೆ. ಬಂದ ಮಂದಿ ತಾಸು ಪೂರ್ತಿ ಕುಣಿದರು. ಯಾರೂ ನೀರು ಕುಡಿಯಲೂ ನಿಲ್ಲಲಿಲ್ಲ. ಮುಗಿದ ಮೇಲೆ ಮ್ಯಾನೇಜರ್ ಯಂಕೇಶ ಬಂದ.

“ಏನ್ರಿ, ಒಂದ ಹಾಡು ತಾಸಗಟ್ಲೆ ಹಾಕಿಬಿಟ್ರಲ್ಲ?”

“ಒಂದಲ್ರಿ, ಹತ್ತೊಂಬತ್ತು.”

“ಎಲ್ಲಿ ಬದಲಾತು? ನನಗ ಒಂದೂ ಗೊತ್ತಾಗಲಿಲ್ಲ.”

ಹುಲಗಪ್ಪನ ಮುಖ ಅರಳಿತು. ಹೊಗಳಿದನೆಂದೇ ತಿಳಿದ. “ಗೊತ್ತಾಗಬಾರದಂತನ ಮಾಡಿದ್ದು ರೀ.”

“ಗೊತ್ತಾಗದಿದ್ರ ನಿಮ್ಮನ್ನ್ಯಾಕ ನಿಲ್ಲಸಬೇಕು? ವೇಟರನ ಕೈಯಾಗ ಪೆನ್‌ಡ್ರೈವ್ ಕೊಟ್ರ ಆತು. ನೀವು ಪೂಜಿಗಿ ನಿಂತವರಂಗ ತಲಿ ತಗ್ಗಿಸಿ ನಿಂತಿದ್ರಿ. ಹಾಡು ಕಡಿಬೇಕ್ರಿ, ಸೈರನ್ ಒದರಬೇಕು, ಕೈ ಮ್ಯಾಲೆತ್ತಬೇಕು. ಮಂದಿಗಿ ಏನರ ಕಾಣಬೇಕು. ಬರೋ ಶನಿವಾರ ಇನ್ನೊಮ್ಮಿ ಬರ್ರಿ.”

ವಾಪಸು ಬರುವಾಗ ಗಂಗಾವತಿಯಲ್ಲಿ ಇಳಿದೆವು. ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ, “ಶನಿವಾರ ಹೋಗಂಗಿಲ್ಲ” ಎಂದ.

ನಾನು ಬುದ್ಧಿವಂತ. ಪುಸ್ತಕ ಓದಿದವನು. “ಅವ ಕೇಳಿದ್ದು ಕೊಟ್ಟು ಒಳಗ ಹೋಗೋ ಮಾರಾಯ, ಆಮ್ಯಾಲ ನಿನ್ನಂಗ ಬಾರಸು. ಮೊದಲ ಕಿವಿ ಉಳಿಸ್ಕೋ” ಎಂದೆ. ಅವನು ಕಪ್ಪು ಕೆಳಗಿಟ್ಟು ನನ್ನನ್ನು ನೋಡಿದ. “ನೀನೂ ಅದನ್ನ ಹೇಳ್ತಿ?” ಎಂದ. ಹೌದು, ನಾನೂ ಅದನ್ನೇ ಹೇಳಿದೆ. ಅವನಿಗೆ ನಾನು ಹೇಳಿದ ಕೊನೆಯ ಮಾತು ಅದು. ಶನಿವಾರ ಸಂಜೆಯಾಗುವಷ್ಟರಲ್ಲಿ ಅವನನ್ನು ಮಣ್ಣು ಮಾಡಿಯಾಗಿತ್ತು. ರೆಸಾರ್ಟಿನಲ್ಲಿ ಅಂದು ಬೇರೆ ಯಾರೋ ಕೈ ಎತ್ತಿದರಂತೆ.

ಶುಕ್ರವಾರ ಅವನು ಏನು ಮಾಡುತ್ತಿದ್ದನೆಂದು ಅವನ ಹೆಂಡತಿ ರೇಣುಕಮ್ಮ ಹೇಳಿದಳು. ಲ್ಯಾಪ್‌ಟಾಪ್ ತೆರೆದು ಕೇಳಿಸಿದಳು ಕೂಡ. ಬೆಳಗಿನಿಂದ ಕೂತು ಆ ಒಂದು ತಾಸನ್ನು ತಾನೇ ಹದಿನೆಂಟು ಕಡೆ ಕಡಿದಿದ್ದ. ಬೆಸುಗೆ ಇದ್ದಲ್ಲೆಲ್ಲ ಒಂದು ಗಳಿಗೆ ಮೌನ, ಅದರ ಮೇಲೆ ಸೈರನ್.

“ಆಂಬುಲೆನ್ಸ್ ಬಂದಂಗ ಆಗ್ತೈತಿ, ಸಾಕು ಮಾಡ್ರಿ, ಉಣ್ಣಾಕ ಬರ್ರಿ ಅಂದೆ ಅಣ್ಣಾ. ಇನ್ನೊಂದ ಐತಿ ತಡಿ ಅಂದ್ರು” ಎಂದಳು.

ಒಂದೊಂದಾಗಿ ಎಲ್ಲ ಕೇಳಿದೆ. ಯಾವ ಸೈರನ್ನೂ ಅವನು ಹೇಳುವ ಹಲ್ಲುನೋವಿನಂತೆ ಚುಚ್ಚಲಿಲ್ಲ. ಅನುಮಾನ ಬಂದು ಪೇಟಿ ಎಳೆದುಕೊಂಡು ಮನೆಗಳನ್ನು ಒತ್ತಿ ನೋಡಿದೆ. ಪ್ರತಿಯೊಂದು ಸೈರನ್ನನ್ನೂ ಅವನು ಮುಂದೆ ಬರುವ ಹಾಡಿನ ಶ್ರುತಿಗೆ ಇಳಿಸಿಯೋ ಏರಿಸಿಯೋ ಕೂಡಿಸಿದ್ದ. ಕೊನೆಯದು ಮಾತ್ರ ಇನ್ನೂ ಕೂದಲೆಳೆಯಷ್ಟು ಮೇಲಿದೆ ಎಂದು ಅಂದು ಅವನೇ ಅಂದನಂತೆ, ರೇಣುಕಮ್ಮ ಹೇಳಿದಳು. ಡ್ಯೂಟಿಗೆ ಹೊತ್ತಾಯಿತೆಂದು ಶೂ ಹಾಕಿಕೊಂಡವನು ಹಾಗೇ ಮತ್ತೆ ಕೂತ, ಬಲಗಿವಿಯನ್ನು ಪೇಟಿಗೆ ಹಚ್ಚಿ ಬಿಳಿ ಎರಡನ್ನು ಒತ್ತಿ ಹಿಡಿದ, ಸೈರನ್ ಅದಕ್ಕೆ ಕೂಡುವ ತನಕ ಇಳಿಸಿದ, ಸೇವ್ ಮಾಡಿದ.