ಉಡಿಯಲ್ಲಿ ತಂದ ಹೊಳೆಮಣ್ಣು

ದೊಡ್ಡವ್ವನ ಬಲಗೈ ಹೆಬ್ಬೆರಳು ಹಿಂದಕ್ಕೆ ಬಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಗೋಡೆ ಸಾರಿಸಿ ಸಾರಿಸಿ ಬಂದದ್ದು. ಮಣ್ಣು, ಸಗಣಿ ಕಲಸಿ ಅಂಗೈಯಿಂದ ಕಮಾನು ಕಮಾನಾಗಿ ಬಳಿಯುವುದು, ಪ್ರತಿ ಕಮಾನಿನ ಕೊನೆಗೆ ಹೆಬ್ಬೆರಳು ಒತ್ತಿ ಎತ್ತುವುದು ಅವಳ ರೂಢಿ. ಇಂಡಿ ಊರಿನ ನಮ್ಮ ಮನೆಯ ಗೋಡೆಗಳ ತುಂಬ ಆ ಬೆರಳಿನ ಗುಳಿಗಳಿದ್ದವು. ಸಂಜೆ ಕಂದೀಲು ಹಚ್ಚಿದರೆ ಒಂದೊಂದು ಗುಳಿಯಲ್ಲೂ ಒಂದೊಂದು ಚೂರು ನೆರಳು ಕೂರುತ್ತಿತ್ತು.

ಅವಳು ನನ್ನ ತಂದೆಯ ಅಣ್ಣನ ಹೆಂಡತಿ. ಮಕ್ಕಳಿರಲಿಲ್ಲ, ಹಾಗಾಗಿ ನನ್ನನ್ನು ಬೈಯುವ ಹಕ್ಕು ಅವ್ವನಿಗಿಂತ ಅವಳಿಗೇ ಹೆಚ್ಚಾಗಿತ್ತು. ಯಾರ ಮನೆಗೆ ಹೋದರೂ ಒಳಗೆ ಕಾಲಿಡುವ ಮೊದಲು ಗೋಡೆ ನೋಡುತ್ತಿದ್ದಳು. ನನಗೆ ಗಂಡು ಹುಡುಕುವಾಗ ಒಂದು ಅನುಕೂಲಸ್ಥ ಮನೆತನವನ್ನು ಗೋಡೆ ನೋಡಿಯೇ ಬೇಡವೆಂದಳು. "ಮೂಲಿ ಬಿಟ್ಟು ನಡುವಷ್ಟ ಸಾರಿಸ್ಯಾರ. ಕಣ್ಣಿಗೆ ಕಾಣೂದಷ್ಟ ಸಾರಿಸೋ ಮಂದಿ, ಬ್ಯಾಡ" ಎಂದಳು. ಅಪ್ಪ ಎಷ್ಟು ರೇಗಿದರೂ ಜಗ್ಗಲಿಲ್ಲ. ಆ ಒಂದು ಮಾತಿಗೆ ನಾನು ಜನ್ಮವಿಡೀ ಋಣಿ.

ಎಪ್ಪತ್ತರ ದಶಕದ ನಡುವಿನ ಸಂಗತಿ. ಸಾಲೋಟಗಿಯ ಶಾಲೆಗೆ ನಾನು ಶಿಕ್ಷಕಿಯಾಗಿ ಸೇರಿ ಹೆಚ್ಚು ದಿನವಾಗಿರಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಲಿತ ಜನ ಸೇರಿ ಒಂದು ಮಂಡಳಿ ಮಾಡಿಕೊಂಡಿದ್ದರು. ಇಂಡಿಯಲ್ಲಿ ಅವರು ಕಟ್ಟಿಸುತ್ತಿದ್ದ ಸಮಾಜ ಮಂದಿರದ ಒಂದು ಗೋಡೆಯನ್ನು ನಾಲ್ಕೂ ತಾಲ್ಲೂಕಿನ ಹೆಂಗಸರು ಸಾರಿಸಬೇಕು, ತಂತಮ್ಮ ಊರಿನ ಮಣ್ಣು ತಂದು, ತಂತಮ್ಮ ಊರಿನ ರೀತಿಯಲ್ಲಿ. ನಾಡಿನ ನಕಾಶೆಯನ್ನು ಆ ನಾಡಿನ ಮಣ್ಣಿನಿಂದಲೇ ಬರೆದ ಹಾಗೆ. ಈ ಯೋಚನೆ ಮಂಡಳಿಯಲ್ಲಿದ್ದ ಚಿತ್ರಕಲಾ ಮಾಸ್ತರರದು. ಚೆಂದದ ಯೋಚನೆ, ಅದನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ. ಮಾಸ್ತರರು ನಮ್ಮ ಮನೆಗೆ ಬಂದು ಗೋಡೆಗಳನ್ನು ನೋಡಿ, "ಅವ್ವಾರ, ನೀವು ಇದರಾಗ ಇರಾಕಬೇಕ್ರಿ" ಎಂದು ಕೈಮುಗಿದರು.

ದೊಡ್ಡವ್ವ ಒಪ್ಪಿದ್ದಕ್ಕೆ ಬೇರೆಯೇ ಕಾರಣವಿತ್ತು. ಅವಳ ತವರು ಮುದ್ದೇಬಿಹಾಳ ತಾಲ್ಲೂಕಿನ ಒಂದು ಹೊಳೆದಂಡೆಯ ಊರು. ಕೃಷ್ಣೆಗೆ ಅಣೆಕಟ್ಟು ಏಳುತ್ತಿತ್ತು. ಇವತ್ತಲ್ಲ ನಾಳೆ ಆ ಊರು ನೀರಿನಡಿ ಹೋಗುವುದೆಂದು ಎಲ್ಲರಿಗೂ ಗೊತ್ತಿತ್ತು.

"ಊರು ಹೋಗೂದು ಹೋಗ್ತೈತಿ. ಅದರ ಮಣ್ಣ ಒಂದ ಗ್ವಾಡಿ ಮ್ಯಾಲರೆ ಉಳೀಲಿ. ನಾಕ ಮಂದಿ ನೋಡಿ, ಹಿಂಗಿತ್ತು ಅಂದ್ರ ಸಾಕು" ಎಂದಳು.

ಮಣ್ಣು ತರಲು ನನ್ನನ್ನು ಜೊತೆಗೆ ಕರೆದುಕೊಂಡು ಹೊರಟಳು. ವಿಜಾಪುರದಲ್ಲಿ ಬಸ್ಸು ಬದಲಿಸಿ, ಬಾಗೇವಾಡಿಯಲ್ಲಿ ಇಳಿದು ಚುರುಮುರಿ ತಿಂದು, ಊರು ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ತವರಿನಲ್ಲಿ ಇದ್ದದ್ದು ಅವಳ ತಮ್ಮನ ಸಂಸಾರ. ನಮ್ಮ ಕಡೆ ತವರಿಗೆ ಬಂದ ಮಗಳನ್ನು ಉಡಿ ತುಂಬದೆ ಕಳಿಸುವುದಿಲ್ಲ. ಅವಳು ಸೆರಗೊಡ್ಡಬೇಕು, ಮನೆಯವರು ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಹಾಕಬೇಕು. ಊಟವಾದ ಮೇಲೆ ತಮ್ಮನ ಹೆಂಡತಿ ಮೊರದಲ್ಲಿ ಅಕ್ಕಿ ತಂದಳು. ದೊಡ್ಡವ್ವ ಸೆರಗೊಡ್ಡಿ, "ಈ ಸಲ ಅಕ್ಕಿ ಬ್ಯಾಡವಾ. ಹೊಳಿ ಹೊಲದ ಮಣ್ಣಿಂದ ಉಡಿ ತುಂಬು" ಎಂದಳು.

ತಮ್ಮನ ಮುಖ ಬಿಗಿಯಿತು. ಮುಳುಗುವ ಹೊಲಕ್ಕೆ ಪರಿಹಾರ ಬರುವ ಸುದ್ದಿ ಆಗಲೇ ಊರಲ್ಲಿ ಹಬ್ಬಿತ್ತು. ಉಡಿಗೆ ಹಾಕಿದ್ದನ್ನು ಯಾರೂ ವಾಪಸು ಕೇಳುವ ಹಾಗಿಲ್ಲ. ಹೊಲದ ಮಣ್ಣನ್ನೇ ಉಡಿಯಲ್ಲಿ ಒಯ್ದ ಅಕ್ಕ ನಾಳೆ ಹೊಲದಲ್ಲಿ ಪಾಲು ಕೇಳುತ್ತಾಳೆ ಎಂದೇ ಅವನು ತಿಳಿದ. ಗೋಡೆ, ಮಂಡಳಿ, ಮಾಸ್ತರರು ಎಂದು ನಾನು ಎಷ್ಟು ಬಿಡಿಸಿ ಹೇಳಿದರೂ ಅವನಿಗೆ ನಂಬಿಕೆ ಬರಲಿಲ್ಲ.

"ಇಂಡಿ ಗ್ವಾಡಿಗೆ ಇಲ್ಲಿ ಮಣ್ಣ ಯಾಕ? ಅಲ್ಲಿ ಮಣ್ಣ ಮುಗದೈತೇನು?" ಎಂದ. ಆಮೇಲೆ ದೊಡ್ಡವ್ವನ ಕಡೆ ತಿರುಗಿ, "ಅಕ್ಕಾ, ಖರೇ ಹೇಳು. ನಿನಗ ಯಾರ ಕಲಿಸಿ ಕಳಿಸ್ಯಾರ?" ಎಂದ.

ದೊಡ್ಡವ್ವ ಒಡ್ಡಿದ ಸೆರಗನ್ನು ಇಳಿಸದೆ, "ಏನ್ ಬರಸ್ಕೋಬೇಕು, ಬರಸ್ಕೋ" ಎಂದಳು.

ಅವನು ನಾಚಿಕೊಂಡಾನು ಎಂದು ನಾನು ಕಾದೆ. ಅವನು ಚಪ್ಪಲಿ ಮೆಟ್ಟಿಕೊಂಡು ಹೋಗಿ ಬರೆಯುವವನನ್ನು ಕರೆತಂದ. ಹೊಲದಲ್ಲಿ ತನಗೆ ಯಾವ ಹಕ್ಕೂ ಇಲ್ಲವೆಂಬ ಕಾಗದದ ಮೇಲೆ ದೊಡ್ಡವ್ವ ಆ ಬಾಗಿದ ಹೆಬ್ಬೆರಳನ್ನು ಒತ್ತಿದಳು. ಗೋಡೆಗೆ ಒತ್ತುವಷ್ಟೇ ನಿಧಾನವಾಗಿ ಒತ್ತಿದಳು. ನಾನು ಕೈ ಹಿಡಿದು ಎಳೆದರೆ, "ಬಿಡು, ನನಗ ಮಣ್ಣ ಸಾಕು" ಎಂದಳು. ಆಮೇಲೆ ತಮ್ಮ ತಾನೇ ಗುದ್ದಲಿ ಹಿಡಿದು ಬುಟ್ಟಿ ತುಂಬ ಮಣ್ಣು ಅಗೆದು ಕೊಟ್ಟ, ನಗುನಗುತ್ತಲೇ ಕೊಟ್ಟ. ಅವನ ಹೆಂಡತಿ ಒಂದು ಬೊಗಸೆ ಮಣ್ಣು ಉಡಿಗೆ ಹಾಕುವಾಗ ಅಳುತ್ತಿದ್ದಳು. ದೊಡ್ಡವ್ವನೇ ಅವಳ ಬೆನ್ನು ಸವರಿದಳು.

ಇಂಡಿಯಲ್ಲಿ ಗೋಡೆಯ ಕೆಲಸ ಸಂತೋಷದಿಂದಲೇ ನಡೆಯಿತು. ಸಿಂದಗಿಯವರು ಎರೆಮಣ್ಣು ತಂದರು, ಬಾಗೇವಾಡಿಯವರು ಮಸಾರಿ ಹೊಲದ ಕೆಂಪುಮಣ್ಣು. ಒಬ್ಬರ ಕೈಕೆಲಸವನ್ನು ಒಬ್ಬರು ಆಡಿಕೊಳ್ಳುವುದೇ ಅವರಿಗೆ ಹಾಡು. ಸಿಂದಗಿಯ ಒಬ್ಬಾಕೆ, "ನಿಮ್ಮ ಹೊಳಿಮಣ್ಣ ಹಿಟ್ಟಿನಂಗ ಐತೆಲ್ಲ, ರೊಟ್ಟಿ ಬಡೀರಲ್ಲ" ಎಂದಳು. "ಬಡದ್ರ ನಿಮ್ಮೂರ ರೊಟ್ಟಿಗಿಂತ ಮೆತ್ತಗ ಆಗ್ತಾವು" ಎಂದಳು ದೊಡ್ಡವ್ವ. ಬಾಗಿಲ ಪಕ್ಕದ ಮೂಲೆ ಅವಳ ಪಾಲಿಗೆ ಬಂದಿತ್ತು. ಅವಳು ಹೂವು, ಬಳ್ಳಿ ಏನನ್ನೂ ಬರೆಯಲಿಲ್ಲ. ಕಮಾನುಗಳನ್ನಷ್ಟೇ ಸಾಲಾಗಿ ಬಳಿದು ಹೆಬ್ಬೆರಳು ಒತ್ತುತ್ತ ಹೋದಳು. ಒಣಗಿದ ಮೇಲೆ ಅದು ಬೂದಿ ಬಣ್ಣಕ್ಕೆ ತಿರುಗಿ, ಸಂಜೆಯ ಹೊಳೆಯ ಹಾಗೆ ಸಣ್ಣಗೆ ಮಿನುಗುತ್ತಿತ್ತು.

ಅಷ್ಟರಲ್ಲಿ ಉದ್ಘಾಟನೆಗೆ ಯಾರೋ ದೊಡ್ಡ ಮನುಷ್ಯರು ಬರುವುದು ನಿಕ್ಕಿಯಾಯಿತು. ಮಂಡಳಿಯವರಿಗೆ ಅಲ್ಲಿಂದ ಬುದ್ಧಿ ಕೆಟ್ಟಿತು. ಸಗಣಿ ಬಳಿದ ಗೋಡೆಯ ಮುಂದೆ ಸಾಹೇಬರನ್ನು ಕೂರಿಸುವುದು ಹೇಗೆ? ಹಿಂದಿನ ದಿನ ಆಳು ಹಚ್ಚಿ ಇಡೀ ಗೋಡೆಗೆ ಸುಣ್ಣ ಹೊಡೆಸಿದರು. ಮೇಲೆ ನಾಲ್ಕು ತಾಲ್ಲೂಕಿನ ಅಚ್ಚಾದ ನಕಾಶೆಯೊಂದನ್ನು ತೂಗುಹಾಕಿದರು. ಮಾಸ್ತರರು ಬೇಡವೆಂದರಂತೆ. ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಎಂದಿರಬೇಕು.

ಸಮಾರಂಭಕ್ಕೆ ಹೊಸ ಇಳಕಲ್ ಸೀರೆಯುಟ್ಟು ಬಂದ ಹೆಂಗಸರು ಗೋಡೆ ನೋಡಿ, ಮುಖ ಮುಖ ನೋಡಿಕೊಂಡು, ಹಿಂದಿನ ಜಮಖಾನೆಯ ಮೇಲೆ ಕೂತರು. ವೇದಿಕೆಯ ಮೇಲೆ ಒಬ್ಬರು ನಾಡಿನ ಮಣ್ಣಿನ ವಾಸನೆಯ ಬಗ್ಗೆ ಮಾತಾಡುತ್ತಿದ್ದರು. ದೊಡ್ಡವ್ವ ಎದ್ದು ಹೊರಗೆ ಹೋದಳು. ಒಂದು ಕೊಡ ನೀರು, ಕಳೆ ಕೀಳುವ ಕುರ್ಪಿ ಹಿಡಿದು ಬಂದಳು. ಬಾಗಿಲ ಪಕ್ಕದ ಮೂಲೆಗೆ ನೀರು ಎರಚಿ, ಕೆರೆಯತೊಡಗಿದಳು. ಭಾಷಣ ನಿಂತಿತು. ಮಂಡಳಿಯ ಅಧ್ಯಕ್ಷರು ಓಡಿ ಬಂದರು.

"ಏನ್ ಮಾಡಾಕತ್ತೀರಿ? ಸಾಹೇಬ್ರ ಮುಂದ ನಮ್ಮ ಮಾನ ತಗೀತೀರೇನು?"

"ನಿಮ್ಮ ಸುಣ್ಣ ನಿಮಗ ಬಿಟ್ಟೇನ್ರಿ. ನನ್ನ ಮಣ್ಣ ನಾ ಒಯ್ತೇನಿ."

ಕೈಗೆ ಬಂದಷ್ಟು ಮಣ್ಣನ್ನು ಸೆರಗೊಡ್ಡಿ ಹಾಕಿಕೊಂಡಳು. ಉಡಿಯನ್ನು ಇನ್ನೊಬ್ಬರು ತುಂಬಬೇಕು. ತನ್ನ ಉಡಿಯನ್ನು ತಾನೇ ತುಂಬಿಕೊಂಡ ಹೆಂಗಸನ್ನು ನಾನು ನೋಡಿದ್ದು ಅದೊಂದೇ ಸಲ. ಮನೆಯ ದಾರಿಯಲ್ಲಿ, "ಕಾಣೂದಷ್ಟ ಸಾರಿಸೋ ಮಂದಿ" ಎಂದಳು, ಮತ್ತೆ ಆ ಸುದ್ದಿ ಎತ್ತಲಿಲ್ಲ. ನನ್ನ ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ಅವಳು ಗೋಡೆ ಸಾರಿಸುವುದನ್ನೇ ಬಿಟ್ಟಳು. ನಮ್ಮ ಮನೆಗೂ ಸುಣ್ಣ ಬಂತು. ಮಣ್ಣೆತ್ತಿನ ಅಮಾವಾಸ್ಯೆಗೆ ಆ ಮಣ್ಣನ್ನು ಕಲಸಿ ಒಂದು ಜೋಡಿ ಎತ್ತು ಮಾಡಿ ಪೂಜಿಸಿದಳು. ಮರುದಿನ ಅವುಗಳನ್ನು ನೀರಿಗೆ ಬಿಡುವುದು ಪದ್ಧತಿ. ಅವಳು ಬಿಡದೆ ಗೋಡೆಯ ಗೂಡಿನಲ್ಲಿಟ್ಟಳು.

ಎಷ್ಟೋ ವರ್ಷಗಳ ಮೇಲೆ ಅವಳು ಹಾಸಿಗೆ ಹಿಡಿದಾಗ ತಮ್ಮ ನೋಡಲು ಬಂದ. ಅಷ್ಟರಲ್ಲಿ ಊರು, ಹೊಲ ಎರಡೂ ನೀರಿನಡಿ ಹೋಗಿದ್ದವು. ಗೂಡಿನ ಕಡೆ ನೋಡುತ್ತ ಕೂತಿದ್ದವನು, "ಅಕ್ಕಾ, ಒಂದ ಎತ್ತ ನನಗ ಕೊಡ್ತಿಯೇನ?" ಎಂದ. ದೊಡ್ಡವ್ವ ಗೋಡೆಯ ಕಡೆ ಮಗ್ಗಲು ಬದಲಿಸಿದಳು. ಆ ವಾರವೇ ತೀರಿಕೊಂಡಳು.

ಸಮಾಜ ಮಂದಿರದ ಕಲ್ಲಿನಲ್ಲಿ ಮಂಡಳಿಯವರ ಹೆಸರುಗಳನ್ನು ಈಗಲೂ ಓದಬಹುದು. ಎತ್ತುಗಳು ನನ್ನ ಮನೆಯಲ್ಲಿವೆ. ಮಣ್ಣಿನಲ್ಲಿ ಅಲ್ಲಲ್ಲಿ ಸುಣ್ಣದ ಚುಕ್ಕೆಗಳಿವೆ, ಎರಡರ ಬೆನ್ನಿನ ಮೇಲೂ ಅವಳ ಹೆಬ್ಬೆರಳಿನ ಗುಳಿಯಿದೆ. ಪ್ರತಿ ವರ್ಷ ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಮೊಮ್ಮಗಳು, "ಅಜ್ಜಿ, ಇವನ್ನ ಬಾವಿಗೆ ಬಿಟ್ಟು ಬರೂಣಲ್ಲ" ಎನ್ನುತ್ತಾಳೆ. ನಾನು ಬಿಡುವುದಿಲ್ಲ. ನೀರಿಗೆ ಆ ಊರೆಲ್ಲ ಸಿಕ್ಕಾಗಿದೆ, ಇಷ್ಟು ಮಣ್ಣು ಸಿಗುವುದು ಬೇಡ.